ಅಜ್ಜಿ ಕಾಲದ ಬೆಳ್ಳಿ ರೂಪಾಯಿಯನ್ನು ದಯವಿಟ್ಟು ಉಜ್ಜಬೇಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರದ ನಿಮ್ಮ ಪುರವಣಿಯಲ್ಲಿ ದೀಪಾವಳಿಗೆ ಮನೆ ಚೊಕ್ಕ ಮಾಡುವ ಬಗ್ಗೆ ಒಂದು ಪುಟ ಬಂದಿತ್ತು. ಕಿಟಕಿ ಗಾಜು, ಹಿತ್ತಾಳೆ ದೀಪ, ಕಾಲುದೀಪ, ಎಲ್ಲ ಒಳ್ಳೆಯದೇ. ಆದರೆ ಕೊನೆಯಲ್ಲಿ ಒಂದು ಸಾಲು ಇತ್ತು. ಪೂಜೆಗೆ ಇಡುವ ಹಳೆ ಬೆಳ್ಳಿ ನಾಣ್ಯ ಕಪ್ಪಾಗಿದ್ದರೆ ಟೂತ್‌ಪೇಸ್ಟ್ ಹಚ್ಚಿ ಬ್ರಶ್‌ನಲ್ಲಿ ಉಜ್ಜಿ, ಹೊಸದರ ಹಾಗೆ ಹೊಳೆಯುತ್ತದೆ ಅಂತ. ಆ ಒಂದು ಸಾಲಿಗಾಗಿಯೇ ಈ ಪತ್ರ ಬರೆಯುತ್ತಿದ್ದೇನೆ. ಅದನ್ನು ಓದಿ ಈಗಾಗಲೇ ಎಷ್ಟು ಮನೆಗಳಲ್ಲಿ ಬ್ರಶ್ ಹಿಡಿದು ಕೂತಿದ್ದಾರೋ ಅಂತ ಯೋಚಿಸಿದರೆ ನನಗೆ ನಿಜವಾಗಿ ಸಂಕಟ ಆಗುತ್ತದೆ.

ನಮ್ಮ ಮನೆಯದೇ ಕಥೆ ಹೇಳುತ್ತೇನೆ. ನನ್ನ ಅಜ್ಜಿ ಮನೆ ಉಡುಪಿ ಹತ್ತಿರ. ಹಲಸಿನ ಮರದ ಒಂದು ಚಿಕ್ಕ ಪೆಟ್ಟಿಗೆಯಲ್ಲಿ ಅಜ್ಜಿ ಹನ್ನೊಂದು ಬೆಳ್ಳಿ ರೂಪಾಯಿ ಇಟ್ಟಿದ್ದರು. ಪಾಲಾದಾಗ ದೊಡ್ಡಪ್ಪನಿಗೆ ಆರು, ನಮ್ಮ ಅಪ್ಪನಿಗೆ ಐದು ಬಂತು. ಅದರಲ್ಲಿ 1919ರ ರೂಪಾಯಿ ಎರಡಿದ್ದವು, ಅವರಿಗೊಂದು ನಮಗೊಂದು. ದೊಡ್ಡಮ್ಮ ತುಂಬ ಶಿಸ್ತಿನವರು. ಪ್ರತಿ ವರ್ಷ ಹಬ್ಬದ ಹಿಂದಿನ ದಿನ ಹುಣಸೆಹುಳಿ, ಒಲೆಯ ಬೂದಿ ಹಾಕಿ ಆರೂ ನಾಣ್ಯಗಳನ್ನು ಫಳಫಳ ಅನ್ನುವ ತನಕ ತಿಕ್ಕುತ್ತಿದ್ದರು. ನಮ್ಮ ಅಮ್ಮ ಪೆಟ್ಟಿಗೆ ತೆಗೆದದ್ದೇ ಅಪರೂಪ. ಅಜ್ಜಿ ಸುತ್ತಿಟ್ಟ ಹಳೆ ಹತ್ತಿ ಬಟ್ಟೆಯಲ್ಲೇ ಐದೂ ನಾಣ್ಯ ಉಳಿದವು.

ಕೆಲವು ವರ್ಷಗಳ ಹಿಂದೆ ಮಂಗಳೂರಿನಲ್ಲಿ ನಡೆದ ಒಂದು ನಾಣ್ಯ ಪ್ರದರ್ಶನಕ್ಕೆ ನಾನು ಮತ್ತು ದೊಡ್ಡಪ್ಪನ ಮಗ ಆ ಎರಡೂ 1919ರ ರೂಪಾಯಿ ತೆಗೆದುಕೊಂಡು ಹೋದೆವು. ವ್ಯಾಪಾರಿ ಮೊದಲು ದೊಡ್ಡಪ್ಪನ ಮನೆಯದನ್ನು ದೀಪದ ಕೆಳಗೆ ಹಿಡಿದು ಒಂದು ಸುತ್ತು ತಿರುಗಿಸಿದರು. ಭೂತಗನ್ನಡಿ ಕೂಡ ತೆಗೆಯಲಿಲ್ಲ. ಸೀದಾ ತಕ್ಕಡಿ ಮೇಲೆ ಇಟ್ಟರು. ಆಮೇಲೆ ನನ್ನದನ್ನು ಕೈಗೆ ತೆಗೆದುಕೊಂಡರು. ಅಂಚಿನಲ್ಲಿ ನೀಲಿ, ಅದರ ಒಳಗೆ ನೇರಳೆ, ನಡುವೆ ಜೇನುತುಪ್ಪದ ಬಣ್ಣ, ರಾಜನ ಕೆನ್ನೆಯ ಮೇಲೆ ಇನ್ನೂ ಬೆಳ್ಳಿಯ ಬಿಳುಪು. ಅದನ್ನು ತುಂಬ ಹೊತ್ತು ನೋಡಿದರು, ಭೂತಗನ್ನಡಿಯಲ್ಲಿ ನೋಡಿದರು, ಪಕ್ಕದ ಮೇಜಿನವರನ್ನು ಕರೆದು ತೋರಿಸಿದರು. ಕೊನೆಗೆ ತಕ್ಕಡಿಯ ಮೇಲಿದ್ದದ್ದಕ್ಕೆ ಹೇಳಿದ ರೇಟಿನ ಮೂರು ಪಟ್ಟಿಗಿಂತ ಜಾಸ್ತಿ ಹೇಳಿದರು. ಒಂದೇ ವರ್ಷದ, ಒಂದೇ ಪೆಟ್ಟಿಗೆಯ ನಾಣ್ಯಗಳು. ಮನೆಗೆ ಬಂದು ವಿಷಯ ಹೇಳಿದಾಗ ದೊಡ್ಡಮ್ಮ ಕೇಳಿದ್ದು ಒಂದೇ ಮಾತು: "ಕಪ್ಪಾದದ್ದನ್ನು ತೊಳೆದದ್ದು ತಪ್ಪಾ ಮಗಾ?" ಏನು ಹೇಳಲಿ? ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ಹೇಳಬೇಕಾದವರು ನಾವು, ನಾಣ್ಯ ಸಂಗ್ರಹ ಮಾಡುವವರು ಮತ್ತು ನಿಮ್ಮಂಥ ಪತ್ರಿಕೆಯವರು.

ಆ ಕಪ್ಪು ಕೊಳೆ ಅಲ್ಲ. ಗಾಳಿಯಲ್ಲಿ ಗಂಧಕದ ಅಂಶ ಇರುತ್ತದೆ, ಅಡುಗೆಮನೆಯ ಮೊಟ್ಟೆ, ಈರುಳ್ಳಿಯಿಂದಲೂ ಬರುತ್ತದೆ. ಅದು ಬೆಳ್ಳಿಗೆ ತಾಗಿದಾಗ ಮೇಲ್ಮೈಯಲ್ಲಿ ಬೆಳ್ಳಿಯ ಸಲ್ಫೈಡ್‌ನ ತೀರಾ ತೆಳು ಪದರ ಕೂರುತ್ತದೆ. ನಮ್ಮ ಮಂಗಳೂರು, ಉಡುಪಿಯ ತೇವದ ಹವೆಯಲ್ಲಿ ಇದು ಬೇಗ ಆಗುತ್ತದೆ. ಮಳೆಗಾಲದಲ್ಲಿ ರಸ್ತೆಯ ನೀರಿನ ಮೇಲೆ ಪೆಟ್ರೋಲ್ ಬಿದ್ದರೆ ಕಾಮನಬಿಲ್ಲಿನ ಬಣ್ಣ ಕಾಣುತ್ತದಲ್ವಾ, ಅದೇ ತತ್ವ ಇಲ್ಲೂ. ಪದರ ತೆಳುವಾಗಿದ್ದಾಗ ತಿಳಿ ಹಳದಿ, ಸ್ವಲ್ಪ ದಪ್ಪವಾದರೆ ಕೆಂಪು ನೇರಳೆ, ಆಮೇಲೆ ನೀಲಿ, ಹೀಗೆ ಮುಂದುವರಿದು ಕೊನೆಗೆ ಕಪ್ಪು. ಇದನ್ನೇ ನಾಣ್ಯದವರು ಟೋನಿಂಗ್ ಅನ್ನುತ್ತಾರೆ. ಆ ಪದರದಲ್ಲಿ ಇರುವುದೂ ನಾಣ್ಯದ್ದೇ ಬೆಳ್ಳಿ. ಹಾಗಾಗಿ ಉಜ್ಜಿ ತೆಗೆದಾಗ ಹೋಗುವುದು ಬಣ್ಣ ಮಾತ್ರ ಅಲ್ಲ, ನಾಣ್ಯದ ಮೇಲ್ಮೈಯೇ ಸ್ವಲ್ಪ ಹೋಗುತ್ತದೆ.

ಹೊಸ ನಾಣ್ಯವನ್ನು ಅಚ್ಚಿನಲ್ಲಿ ಒತ್ತುವಾಗ ಲೋಹ ನಡುವಿನಿಂದ ಅಂಚಿಗೆ ಹರಿಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಮೂಡುತ್ತವೆ. ನಾಣ್ಯವನ್ನು ಬೆಳಕಿನಲ್ಲಿ ತಿರುಗಿಸಿದಾಗ ಗಾಡಿಯ ಚಕ್ರದ ಅರಗಳ ಹಾಗೆ ಹೊಳಪು ಸುತ್ತುತ್ತದೆ, ಅದು ಈ ಗೆರೆಗಳಿಂದಲೇ. ಟೂತ್‌ಪೇಸ್ಟ್‌ನಲ್ಲಿ, ಬೂದಿಯಲ್ಲಿ ಉಜ್ಜಿದರೆ ಅವೆಲ್ಲ ಸವೆದು ಹೋಗಿ ಅಡ್ಡಾದಿಡ್ಡಿ ಕೂದಲೆಳೆಯಂಥ ಗೀರುಗಳು ಬೀಳುತ್ತವೆ. ಆಮೇಲೆ ಹೊಳೆಯುವುದು ಸ್ಟೀಲ್ ಲೋಟದ ಹೊಳಪು, ನಾಣ್ಯದ್ದಲ್ಲ. ಅಂಗಡಿಯಲ್ಲಿ ಸಿಗುವ ಬೆಳ್ಳಿ ತೊಳೆಯುವ ದ್ರಾವಣದಲ್ಲಿ ಅದ್ದಿದರೂ ಅಷ್ಟೇ. ಒಂದು ಸಲಕ್ಕೆ ಗೊತ್ತಾಗದಿರಬಹುದು, ಮತ್ತೆ ಮತ್ತೆ ಅದ್ದಿದರೆ ನಾಣ್ಯ ಸತ್ತಂತೆ ಮಂಕಾಗುತ್ತದೆ. ಹೋದ ಮೇಲ್ಮೈ ಮತ್ತೆ ಬರುವುದಿಲ್ಲ.

ಈಗ ದುಡ್ಡಿನ ಲೆಕ್ಕ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ 11.66 ಗ್ರಾಂ, ಅದರಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ. ಅಂದರೆ ಹತ್ತಿರ ಹತ್ತಿರ 10.7 ಗ್ರಾಂ ಶುದ್ಧ ಬೆಳ್ಳಿ. ಕಿಲೋಗೆ ಒಂದು ಲಕ್ಷ ಅಂತ ಹಿಡಿದರೆ ತೂಕಕ್ಕೆ ಸಾವಿರ ರೂಪಾಯಿ ಚಿಲ್ಲರೆ. ಬೆಳ್ಳಿ ಆ ಲಕ್ಷವನ್ನೂ ದಾಟಿದ ಮೇಲೆ ಜನ ಹಳೆ ನಾಣ್ಯಗಳನ್ನು ಸೀದಾ ಚಿನ್ನದಂಗಡಿಗೆ ಒಯ್ಯುತ್ತಿದ್ದಾರೆ. ಉಜ್ಜಿದ ಸಾಮಾನ್ಯ ವರ್ಷದ ನಾಣ್ಯಕ್ಕೆ ಈ ತೂಕದ ಬೆಲೆಯೇ ಗತಿ, ಯಾಕೆಂದರೆ ಸಂಗ್ರಹ ಮಾಡುವವರು ಅದನ್ನು ಮುಟ್ಟುವುದಿಲ್ಲ. ಪಿಸಿಜಿಎಸ್, ಎನ್‌ಜಿಸಿ ಅಂತ ಅಮೆರಿಕದಲ್ಲಿ ನಾಣ್ಯ ಪರೀಕ್ಷಿಸಿ ದರ್ಜೆ ಕೊಡುವ ಸಂಸ್ಥೆಗಳಿವೆ. 70ರ ವರೆಗೆ ಅಂಕ ಕೊಡುತ್ತಾರೆ. ಉಜ್ಜಿದ್ದು ಗೊತ್ತಾದರೆ ಸಾಮಾನ್ಯವಾಗಿ ಅಂಕವೇ ಇಲ್ಲ, ತೊಳೆದ ನಾಣ್ಯ ಅಂತ ಬರೆದುಬಿಡುತ್ತಾರೆ. ನೋಡಲು ತುಂಬ ಚೆಂದ ಇರುವ ನಾಣ್ಯಕ್ಕೆ ಎನ್‌ಜಿಸಿಯವರು ಅಂಕದ ಜೊತೆ ಒಂದು ನಕ್ಷತ್ರ ಕೊಡುತ್ತಾರೆ, ಬಣ್ಣ ತಿರುಗಿದ ಎಷ್ಟೋ ಬೆಳ್ಳಿ ನಾಣ್ಯಗಳಿಗೆ ಅದು ಸಿಕ್ಕಿದೆ.

ಅಮೆರಿಕದ ಮಾತು ಬಂತು, ಒಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಅಲ್ಲಿ ಮಾರ್ಗನ್ ಡಾಲರ್ ಅಂತ ದೊಡ್ಡ ಬೆಳ್ಳಿ ನಾಣ್ಯ 1878ರಿಂದ ಬಂತು. ಸಾವಿರ ಸಾವಿರ ನಾಣ್ಯ ದಪ್ಪ ಬಟ್ಟೆಯ ಚೀಲಗಳಲ್ಲಿ ತುಂಬಿ ಸರ್ಕಾರದ ಖಜಾನೆಯಲ್ಲಿ ಇಟ್ಟಿದ್ದರು. ಚೀಲದ ಬಟ್ಟೆಗೆ ತಾಗಿಕೊಂಡಿದ್ದ ನಾಣ್ಯಗಳಿಗೆ ಹತ್ತಾರು ವರ್ಷಗಳಲ್ಲಿ ಕಾಮನಬಿಲ್ಲಿನ ಬಣ್ಣ ಬಂತು. ಕೆಲವದರ ಮೇಲೆ ಬಟ್ಟೆಯ ನೇಯ್ಗೆಯ ಗುರುತು ಕೂಡ ಕಾಣುತ್ತದೆ. 1960ರ ದಶಕದ ಶುರುವಿನಲ್ಲಿ ಆ ಚೀಲಗಳು ಹೊರಗೆ ಬಂದವು, ಇವತ್ತು ಅಂಥ ಬಣ್ಣದ ಡಾಲರ್‌ಗೆ ಅದೇ ವರ್ಷದ ಬಿಳಿ ಡಾಲರ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ಕೊಡುವವರಿದ್ದಾರೆ. ಇನ್ನೊಂದು ಕಡೆ, 1918ರಲ್ಲಿ ಪಿಟ್‌ಮನ್ ಕಾಯ್ದೆ ಮಾಡಿ ಇಂಥವೇ 27 ಕೋಟಿ ಡಾಲರ್‌ಗಳನ್ನು ಕರಗಿಸಿದರು. ಅದರಲ್ಲಿ ಹೆಚ್ಚಿನ ಬೆಳ್ಳಿ ಯುದ್ಧದ ಕಾಲದಲ್ಲಿ ಬ್ರಿಟಿಷರ ಮೂಲಕ ನಮ್ಮ ದೇಶಕ್ಕೆ ಬಂದು ರೂಪಾಯಿ ಆಯಿತು. ನಮ್ಮ ಅಜ್ಜಿಯ 1919ರ ರೂಪಾಯಿಯಲ್ಲಿ ಆ ಡಾಲರ್‌ಗಳ ಬೆಳ್ಳಿಯೇ ಇರಬಹುದು. ಇದನ್ನು ತಿಳಿದ ದಿನ ನಾನು ಆ ನಾಣ್ಯವನ್ನು ಮತ್ತೊಮ್ಮೆ ತೆಗೆದು ನೋಡಿದ್ದೆ.

ಹಾಗಂತ ಕಪ್ಪಾದದ್ದಕ್ಕೆಲ್ಲ ಬೆಲೆ ಜಾಸ್ತಿ ಅಂತ ನಾನು ಹೇಳುತ್ತಿಲ್ಲ. ಪದರ ದಪ್ಪವಾಗಿ ಪೂರ್ತಿ ಕರಿ ಆದರೆ, ಅಲ್ಲಲ್ಲಿ ಮಚ್ಚೆ ಮಚ್ಚೆಯಾದರೆ ಬೆಲೆ ಕಡಿಮೆಯೇ. ಕೈಯಿಂದ ಕೈಗೆ ಓಡಾಡಿ ಸವೆದ ರೂಪಾಯಿಗೆ ಸಮನಾದ ಬೂದು ಬಣ್ಣ ಇದ್ದರೆ ಸಾಕು, ಅದಕ್ಕೆ ಅದೇ ಚೆಂದ. ಒಳ್ಳೆ ಬೆಲೆ ಬರುವುದು ಪದರದ ಕೆಳಗೆ ಮೂಲ ಹೊಳಪು ಜೀವಂತ ಇದ್ದಾಗ. ನಮ್ಮಲ್ಲಿ ಇವತ್ತಿಗೂ ಬಿಳಿ ನಾಣ್ಯವೇ ಬೇಕು ಅನ್ನುವವರು ತುಂಬ ಜನ ಇದ್ದಾರೆ. ಬಣ್ಣಕ್ಕೆ ಕೊಡುವ ದುಡ್ಡು ನಾಲ್ಕು ಜನ ಇಷ್ಟಪಟ್ಟರೆ ಏರುತ್ತದೆ, ಇಲ್ಲದಿದ್ದರೆ ಇಲ್ಲ. ಅದಕ್ಕಿಂತ ವರ್ಷ ದೊಡ್ಡದು. 1911ರ ಜಾರ್ಜ್ ರಾಜನ ರೂಪಾಯಿಯಲ್ಲಿ ಅವನ ನಿಲುವಂಗಿಯ ಮೇಲಿನ ಆನೆ ಹಂದಿಯ ಹಾಗೆ ಕಾಣುತ್ತದೆ ಅಂತ ಗಲಾಟೆ ಆಗಿ, ಮುಂದಿನ ವರ್ಷ ಅಚ್ಚು ಬದಲಿಸಿದರು. ಅಂಥದ್ದು ಯಾವ ಬಣ್ಣದಲ್ಲಿದ್ದರೂ ಕೇಳುವವರಿದ್ದಾರೆ. 1940ರಿಂದ 45ರ ತನಕದ ರೂಪಾಯಿಯಲ್ಲಿ ಅರ್ಧ ಮಾತ್ರ ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಆ ಸುಂದರ ಬಣ್ಣ ಅದಕ್ಕೆ ಬರುವುದು ಕಡಿಮೆ.

ಬಣ್ಣಕ್ಕೆ ಬೆಲೆ ಇದೆ ಅಂತ ಗೊತ್ತಾದ ಮೇಲೆ ಬಣ್ಣ ಹಾಕಿ ಮಾರುವವರೂ ಹುಟ್ಟಿಕೊಂಡಿದ್ದಾರೆ. ನಾನೇ ಒಮ್ಮೆ ಫೋಟೊ ನೋಡಿ ವಿಕ್ಟೋರಿಯಾ ರಾಣಿಯ ಒಂದು ರೂಪಾಯಿ ತರಿಸಿ ಮೋಸ ಹೋದೆ. ಕೈಗೆ ಬಂದಾಗ ನೋಡಿದರೆ ರಾಣಿಯ ಮುಖ ಸವೆದು ನುಣ್ಣಗಾಗಿದೆ, ಆದರೆ ಮೇಲೆ ನವಿಲಿನಂಥ ಕಡು ನೀಲಿ, ಗೀರಿನ ಒಳಗೂ ಹೊರಗೂ ಒಂದೇ ಥರ. ಹೊಳಪೇ ಇಲ್ಲದ ಸವೆದ ನಾಣ್ಯಕ್ಕೆ ಅಂಥ ಬಣ್ಣ ತಾನಾಗಿ ಬರುವುದು ತೀರಾ ಅಪರೂಪ. ಗಂಧಕದ ರಾಸಾಯನಿಕ ಹಾಕಿ, ಬಿಸಿ ಮಾಡಿ, ಒಂದೇ ದಿನದಲ್ಲಿ ಹೀಗೆ ಮಾಡುತ್ತಾರೆ. ತಾನಾಗಿ ಬಂದ ಬಣ್ಣ ಒಂದರಿಂದ ಇನ್ನೊಂದಕ್ಕೆ ಮೆಲ್ಲನೆ ಜಾರುತ್ತದೆ, ಹಳದಿ, ನೇರಳೆ, ನೀಲಿ ಎಂಬ ಆ ಕ್ರಮ ತಪ್ಪುವುದಿಲ್ಲ. ಹಾಕಿದ ಬಣ್ಣ ಮೇಲೆ ತೇಲಿದ ಹಾಗೆ ಕಾಣುತ್ತದೆ. ಫೋನಿನಲ್ಲಿ ಫೋಟೊದ ಬಣ್ಣ ಏರಿಸುವುದಂತೂ ಎಲ್ಲರಿಗೂ ಗೊತ್ತು. ನಾಣ್ಯವನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡದೆ ಬಣ್ಣಕ್ಕೆ ಒಂದು ರೂಪಾಯಿಯೂ ಜಾಸ್ತಿ ಕೊಡಬೇಡಿ.

ನಮ್ಮ ಕರಾವಳಿಯಲ್ಲಿ ಇಡುವುದೇ ಕಷ್ಟ. ಆಷಾಢದಲ್ಲಿ ಕಪಾಟಿನ ಬಟ್ಟೆಗೇ ಬೂಸ್ಟು ಬರುತ್ತದೆ, ಸಮುದ್ರದ ಗಾಳಿಯ ಉಪ್ಪು ಬೇರೆ. ರಬ್ಬರ್ ಬ್ಯಾಂಡ್ ಹಾಕಿ ಕಟ್ಟಬೇಡಿ, ರಬ್ಬರ್‌ನಲ್ಲಿ ಗಂಧಕ ಇದೆ, ಅದು ಕೂತ ಜಾಗದಲ್ಲಿ ಕರಿ ಗೆರೆ ಬೀಳುತ್ತದೆ. ಉಣ್ಣೆ ಬಟ್ಟೆಯೂ ಬೇಡ, ಸುತ್ತಿಡಲು ಪತ್ರಿಕೆಯ ಕಾಗದವೂ ಬೇಡ. ಮೆತ್ತಗಿನ ಪಿವಿಸಿ ಪ್ಲಾಸ್ಟಿಕ್ ಹಾಳೆಯ ಆಲ್ಬಂ ಎಲ್ಲಕ್ಕಿಂತ ಕೆಟ್ಟದ್ದು. ಕೆಲವೇ ವರ್ಷಗಳಲ್ಲಿ ನಾಣ್ಯದ ಮೇಲೆ ಹಸಿರು ಅಂಟು ಕೂರುತ್ತದೆ. ಅದು ಟೋನಿಂಗ್ ಅಲ್ಲ, ಲೋಹವನ್ನೇ ತಿನ್ನುತ್ತದೆ. ಅದನ್ನು ಮಾತ್ರ ಶುದ್ಧ ಅಸಿಟೋನ್ ಎಂಬ ದ್ರಾವಕದಲ್ಲಿ, ಉಜ್ಜದೆ, ಸುಮ್ನೆ ಮುಳುಗಿಸಿ ತೆಗೆಯಬಹುದು. ಬೆಂಕಿ ಹತ್ತಿರ ಇರಬಾರದು, ಕಿಟಕಿ ತೆರೆದಿರಬೇಕು. ಉಳಿದಂತೆ ಗಟ್ಟಿ ಪ್ಲಾಸ್ಟಿಕ್ ಕ್ಯಾಪ್ಸೂಲ್, ಗಾಳಿಯಾಡದ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಸಾಕು. ಮಳೆಗಾಲಕ್ಕೆ ಮೊದಲು ಪೊಟ್ಟಣ ಬದಲಿಸಿ. ನಾಣ್ಯ ಹಿಡಿಯುವಾಗ ಅಂಚು ಮಾತ್ರ ಮುಟ್ಟಿ, ಬೆವರಿನ ಬೆರಳಚ್ಚು ಕೂಡ ವರ್ಷಗಟ್ಟಲೆ ಉಳಿಯುತ್ತದೆ.

ಮತ್ತೆ ಪೂಜೆ? ದೊಡ್ಡಮ್ಮ ಆಮೇಲೆ ಒಮ್ಮೆ ಕೇಳಿದ್ದೂ ಅದನ್ನೇ, ಕಪ್ಪಾದದ್ದನ್ನು ದೇವರ ಮುಂದೆ ಇಡುವುದು ಹೇಗೆ ಅಂತ. ಅದು ನ್ಯಾಯವಾದ ಮಾತೇ. ಚಿನ್ನದಂಗಡಿಯಲ್ಲಿ ಸಿಗುವ ಲಕ್ಷ್ಮಿ ಚಿತ್ರದ ಹೊಸ ಬೆಳ್ಳಿ ನಾಣ್ಯ ಇದೆಯಲ್ಲ, ಅದನ್ನು ಎಷ್ಟು ಬೇಕಾದರೂ ತೊಳೆಯಿರಿ, ಅಂಟುವಾಳದಲ್ಲಿ ತೊಳೆದರೆ ಚೆನ್ನಾಗಿಯೇ ಹೊಳೆಯುತ್ತದೆ. ಅದರ ಬೆಲೆ ಹೇಗೂ ತೂಕದ್ದೇ. ಹಳೆ ರೂಪಾಯಿಯನ್ನು ಕ್ಯಾಪ್ಸೂಲ್ ಸಮೇತ ವೀಳ್ಯದೆಲೆಯ ಮೇಲೆ ಇಟ್ಟು, ಅರಿಶಿನ ಕುಂಕುಮವನ್ನು ಎಲೆಗೆ ಹಚ್ಚಿ. ನಮ್ಮ ಮನೆಯಲ್ಲಿ ಈಗ ಹಾಗೆಯೇ ಮಾಡುತ್ತೇವೆ. ಹೋದ ವರ್ಷದಿಂದ ದೊಡ್ಡಮ್ಮನೂ ಹಾಗೆಯೇ.

ಸಂಪಾದಕರಲ್ಲಿ ನನ್ನ ಬೇಡಿಕೆ ಇಷ್ಟೇ. ಹಬ್ಬಕ್ಕೆ ಇನ್ನೂ ದಿನ ಇದೆ. ಅದೇ ಪುರವಣಿಯಲ್ಲಿ, ಅದೇ ಜಾಗದಲ್ಲಿ, ಹಳೆ ನಾಣ್ಯ ಉಜ್ಜಬೇಡಿ ಅಂತ ಒಂದು ತಿದ್ದುಪಡಿ ಹಾಕಿ. ಕರಗಿಸಲು ಕೊಡುವ ಮೊದಲು ವರ್ಷ ನೋಡಿ, ತಿಳಿದವರಿಗೆ ಒಮ್ಮೆ ತೋರಿಸಿ ಅಂತಲೂ ಸೇರಿಸಿ. ಎರಡೂ 1919ರ ರೂಪಾಯಿಗಳನ್ನು ಪಕ್ಕಪಕ್ಕ ಇಟ್ಟು ತೆಗೆದ ಫೋಟೊ ಈ ಪತ್ರದ ಜೊತೆ ಕಳಿಸಿದ್ದೇನೆ. ಉಜ್ಜಿದ್ದು ಎಡಗಡೆ ಇದೆ. ಅಚ್ಚು ಹಾಕಲು ದೊಡ್ಡಮ್ಮನನ್ನು ಕೇಳಿಯೇ ಕಳಿಸುತ್ತಿದ್ದೇನೆ.

ಇತಿ,
ಒಬ್ಬ ನಾಣ್ಯ ಸಂಗ್ರಾಹಕ
ಕೊಡಿಯಾಲಬೈಲು, ಮಂಗಳೂರು