ಬೆನ್ನ ಮೇಲೆ ಪಟ್ಟೆಯಿಲ್ಲದ ಅಳಿಲು

ನ್ಯೂಕಾಸಲ್, ಇಂಗ್ಲೆಂಡ್, ಭಾನುವಾರ

ಅಮ್ಮ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ನೀನು ಕೊಟ್ಟ ಹುರಿಹಿಟ್ಟು ಇನ್ನೂ ಇದೆ.

"ಅಲ್ಲಿ ಅಳಿಲಿಗೂ ರಾಮ ಬೆನ್ನು ಸವರಿದ್ದಾನಾ?" ಅಂತ ಅಜ್ಜಿ ಕೇಳಿದ್ದಳಲ್ಲ, ಅವಳಿಗೆ ಇದನ್ನು ಓದಿ ಹೇಳು. ಇಲ್ಲಿನವಕ್ಕೆ ಪಟ್ಟೆ ಇಲ್ಲ. ಎರಡು ಜಾತಿ ಇವೆ, ಒಂದು ಕೆಂಪು, ಒಂದು ಬೂದು.

ನಮ್ಮ ಬೀದಿಯಲ್ಲಿ ಓಡಾಡುವುದು ಬೂದು ಅಳಿಲು. ಮಂಡ್ಯದ ಮನೆ ನೆನಪಾಗಿ ದಿನಾ ಕಡಲೆಕಾಯಿ ಹಾಕುತ್ತಿದ್ದೆ. ಹೋದ ತಿಂಗಳು ಕೀಲ್ಡರ್ ಕಾಡಿಗೆ ಹೋದಾಗ ಮೊದಲ ಸಲ ಕೆಂಪಿನದು ಕಂಡಿತು. ಎಷ್ಟು ಚೆಂದ ಅಮ್ಮಾ! ಕಿವಿಯ ತುದಿಯಲ್ಲಿ ಕೂದಲಿನ ಕುಚ್ಚು. ತೂಕ ಸುಮಾರು 300 ಗ್ರಾಂ ಅಷ್ಟೆ. ಬೂದಿನದು 500 ಗ್ರಾಂ ದಾಟುತ್ತದೆ.

ಈ ನೆಲದ ಅಳಿಲು ಕೆಂಪಿನದೇ. ಬೂದಿನದನ್ನು 1870ರ ದಶಕದಲ್ಲಿ ಅಮೆರಿಕದಿಂದ ತಂದು ಶ್ರೀಮಂತರ ತೋಟಗಳಲ್ಲಿ ಬಿಟ್ಟರಂತೆ, ಸುಮ್ನೆ ಅಂದಕ್ಕೆ. ಈಗ ನಮ್ಮ ಬದುವಿನ ಪಾರ್ಥೇನಿಯಂ ಥರ ಎಲ್ಲೆಲ್ಲೂ ಹಬ್ಬಿದೆ. ಅದು ಕೆಂಪಿನದನ್ನು ಕಚ್ಚಿ ಓಡಿಸಿತು ಅಂದುಕೊಂಡಿದ್ದೆ. ಹಾಗಲ್ಲ. ಓಕ್ ಮರದ ಕಾಯಿ ಬೂದಿನದಕ್ಕೆ ಚೆನ್ನಾಗಿ ಅರಗುತ್ತದೆ, ಕೆಂಪಿನದಕ್ಕೆ ಅಷ್ಟಾಗಿ ಅರಗುವುದಿಲ್ಲ. ಹೇಜಲ್ ಕಾಯಿಯನ್ನಂತೂ ಬಲಿಯುವ ಮೊದಲೇ ಬೂದಿನದು ಕಿತ್ತು ತಿಂದುಬಿಡುತ್ತದೆ. ಇವಕ್ಕೆ ಉಳಿಯುವುದೇನು?

ಇನ್ನೊಂದು ಕಾರಣ ರೋಗ, ಅಳಿಲಿನ ಸಿಡುಬು. ಬೂದಿನದರ ಮೈಯಲ್ಲಿ ಆ ವೈರಸ್ ಇದ್ದರೂ ಅದಕ್ಕೆ ಏನೂ ಆಗುವುದಿಲ್ಲ. ಕೆಂಪಿನದಕ್ಕೆ ತಗುಲಿದರೆ ಕಣ್ಣು, ಬಾಯಿಯ ಸುತ್ತ ಹುಣ್ಣಾಗಿ ಕೆಲವೇ ದಿನಗಳಲ್ಲಿ ಸಾಯುತ್ತದೆ. ಬೂದಿನದರದ್ದೂ ತಪ್ಪಲ್ಲ, ಅಲ್ವಾ? ತಂದು ಬಿಟ್ಟವರು ಮನುಷ್ಯರು.

ಕೀಲ್ಡರ್‌ನಲ್ಲಿ ಸ್ಪ್ರೂಸ್ ಮರಗಳೇ ಜಾಸ್ತಿ. ಅದರ ಸಣ್ಣ ಬೀಜ ಕೆಂಪಿನದಕ್ಕೆ ಸಾಕು, ದೊಡ್ಡ ಮೈಯ ಬೂದಿನದಕ್ಕೆ ಅದರಲ್ಲಿ ಹೊಟ್ಟೆ ತುಂಬುವುದಿಲ್ಲ. ಹಾಗಾಗಿ ಅಲ್ಲಿ ಇವು ಉಳಿದಿವೆ. ಸ್ಕಾಟ್ಲೆಂಡಿನಲ್ಲಿ ಇನ್ನೂ ಹೆಚ್ಚು ಇವೆ. ಪೈನ್ ಮಾರ್ಟನ್ ಅಂತ ಮುಂಗುಸಿಯಷ್ಟು ದೊಡ್ಡದೊಂದು ಪ್ರಾಣಿ ಇದೆ. ಅದು ಬೂದಿನವನ್ನೇ ಹೆಚ್ಚಾಗಿ ಹಿಡಿದು ತಿನ್ನುವುದರಿಂದ, ಅದು ಮತ್ತೆ ಹೆಚ್ಚಾದ ಕಡೆ ಬೂದಿನವು ಕಡಿಮೆಯಾಗಿ ಕೆಂಪಿನವು ವಾಪಸ್ ಬರುತ್ತಿವೆ. ಇದನ್ನು ತಿಳಿದು ನನಗೆ ತುಂಬಾ ಸಮಾಧಾನವಾಯಿತು.

ಕಡಲೆಕಾಯಿ ಹಾಕುವುದು ನಿಲ್ಲಿಸಿದ್ದೇನೆ. ಮೊದಲೆರಡು ದಿನ ಅವು ಕಿಟಕಿ ಹತ್ತಿರ ಬಂದು ಕೂತಾಗ ಹೊಟ್ಟೆ ಚುರ್ ಅಂದಿತು.

ನಮ್ಮ ಅಳಿಲು ಈ ಸಲವೂ ತೆಂಗಿನ ನಾರು ಎಳೆದುಕೊಂಡು ಹೋಗಿ ಹೆಂಚಿನ ಸಂದಿಯಲ್ಲಿ ಗೂಡು ಕಟ್ಟಿದೆಯಾ? ಸೀಬೆಹಣ್ಣು ಕಚ್ಚಿಹಾಕುತ್ತವೆ ಅಂತ ಅಪ್ಪ ಮರಕ್ಕೆ ಬಲೆ ಕಟ್ಟುವುದು ಬೇಡ ಅಂತ ಹೇಳು. ಮೇಲಿನ ಕೊಂಬೆಯದ್ದು ಅವಕ್ಕೇ ಇರಲಿ.

ನಿನ್ನ
ಮಗಳು