80 ಕಿಲೋಮೀಟರಿನ ಸವಾರಿ ಇನ್ನಿಲ್ಲ: ನಮ್ಮ ಸವಾರರಿಗೆ ಒಂದು ಪತ್ರ

ನಮ್ಮ ಜೊತೆ ಗುಡ್ಡ ಹತ್ತಿದ ಎಲ್ಲರಿಗೂ,

ನಮಸ್ಕಾರ. ಮುಂದಿನ ಋತುವಿನಿಂದ ನಮ್ಮ ಸಹಕಾರ ಸಂಘದ 80 ಕಿಲೋಮೀಟರಿನ ಗ್ರಾವೆಲ್ ಸವಾರಿ, ಅಂದರೆ ಜಲ್ಲಿ ದಾರಿಯ ಸೈಕಲ್ ಸವಾರಿ, ಇರುವುದಿಲ್ಲ. ಅದರ ಜಾಗಕ್ಕೆ 49 ಕಿಲೋಮೀಟರಿನದೊಂದು ಬರುತ್ತದೆ. ಉಳಿದ ಎರಡು ಸಣ್ಣ ಸವಾರಿಗಳೂ ಸ್ವಲ್ಪ ಮೊಟಕಾಗಿವೆ. ಮೋಟಾರು ವಾಹನ ಓಡಾಡುವ ರಸ್ತೆಯ ಮೇಲೆ ಇನ್ನು ನಿಮ್ಮನ್ನು ಕರೆದೊಯ್ಯುವುದು ಬೇಡ ಎಂದು ಸದಸ್ಯರೆಲ್ಲ ಕೂತು ತೀರ್ಮಾನಿಸಿದ್ದೇವೆ. ಎರಡು ಕಡೆ ಮಾತ್ರ ರಸ್ತೆಯನ್ನು ಅಡ್ಡ ದಾಟಬೇಕಾಗುತ್ತದೆ, ಅಲ್ಲಿ ಎಲ್ಲರೂ ಇಳಿದು ಸೈಕಲ್ ತಳ್ಳಿಕೊಂಡು ದಾಟುತ್ತೇವೆ.

ಈ ತೀರ್ಮಾನದ ಹಿಂದೆ ಒಂದು ಘಟನೆ ಇದೆ. ಕಳೆದ ಋತುವಿನ ಕೊನೆಯ ಉದ್ದ ಸವಾರಿಯಲ್ಲಿ, ಎರಡು ಗುಡ್ಡಗಳ ನಡುವಿನ ಟಾರು ರಸ್ತೆಯಲ್ಲಿ, ಸಾಲಿನ ಕೊನೆಯಲ್ಲಿದ್ದವರನ್ನು ಒಂದು ಲಾರಿ ಮೈಗೆ ಗಾಳಿ ಹೊಡೆಯುವಷ್ಟು ಹತ್ತಿರದಿಂದ ದಾಟಿ ಹೋಯಿತು. ಅವರು ರಸ್ತೆಯಂಚಿನ ಹುಲ್ಲಿಗೆ ಇಳಿದು ನಿಂತುಬಿಟ್ಟರು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಅಲ್ಲಿಂದ ಮುಂದಿನ ದಿಣ್ಣೆಯಲ್ಲಿ ಯಾರ ಬಾಯಿಂದಲೂ ಮಾತು ಹೊರಡಲಿಲ್ಲ. ಅವತ್ತು ಸಂಜೆ ಸೈಕಲ್ ತೊಳೆಯುತ್ತ ನಮ್ಮಲ್ಲೊಬ್ಬರು ಕೇಳಿದರು: ಜನ ನಮ್ಮ ಹತ್ತಿರ ಬರುವುದೇ ಲಾರಿ, ಕಾರುಗಳಿಂದ ದೂರ ಇರಲಿಕ್ಕೆ, ನಾವು ಅವರನ್ನು ಮತ್ತೆ ಅದೇ ರಸ್ತೆಗೆ ಯಾಕೆ ತಂದು ಬಿಡುತ್ತಿದ್ದೇವೆ? ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಮರುದಿನ ನಕ್ಷೆ ಹಾಸಿಕೊಂಡು ಲೆಕ್ಕ ಹಾಕಿದೆವು. 80ರಲ್ಲಿ 27 ಕಿಲೋಮೀಟರು, ಮೂರು ತುಂಡುಗಳಾಗಿ, ಟಾರು ರಸ್ತೆಯ ಮೇಲಿತ್ತು. ಒಂದು ಕಾಡುದಾರಿಯಿಂದ ಇನ್ನೊಂದಕ್ಕೆ ಹೋಗಲು ಇರುವ ಕೊಂಡಿ ಇದು ಎಂದುಕೊಂಡೇ ಇಷ್ಟು ದಿನ ಅದನ್ನು ಸಹಿಸಿಕೊಂಡು ಬಂದಿದ್ದೆವು. ಹಳೆಯ ಸವಾರಿಯಲ್ಲಿ ಒಟ್ಟು ಏರು 1050 ಮೀಟರು, ಹೊಸದರಲ್ಲಿ 960. ಅಂದರೆ 31 ಕಿಲೋಮೀಟರು ಕಳೆದರೂ ಏರಿನಲ್ಲಿ ಹೋದದ್ದು 90 ಮೀಟರು ಮಾತ್ರ. ಕಾರಣ ಸರಳ. ವಾಹನಗಳ ರಸ್ತೆ ಕಣಿವೆಯ ತಳದಲ್ಲಿ ನೀರಿನ ಜಾಡು ಹಿಡಿದು ಹೋಗುತ್ತದೆ, ಗುಡ್ಡವನ್ನು ಆದಷ್ಟು ತಪ್ಪಿಸುತ್ತದೆ. ಏರು, ತಿರುವು, ನೆರಳು, ಮೌನ ಎಲ್ಲ ಇರುವುದು ಮೇಲಿನ ಜಲ್ಲಿ ದಾರಿಯಲ್ಲಿ. ನಾವು ಕಳೆದುಕೊಂಡದ್ದು ಬಹುಮಟ್ಟಿಗೆ ಹೊಗೆ ಮತ್ತು ಗಡಿಬಿಡಿ.

ಮೂರು ತುಂಡುಗಳಲ್ಲಿ ಒಂದಕ್ಕೆ ಬದಲಿ ದಾರಿ ಸಿಕ್ಕಿತು: ಹಳಿ ಕಿತ್ತು, ನಡೆಯುವವರಿಗೂ ಸೈಕಲಿನವರಿಗೂ ಬಿಟ್ಟುಕೊಟ್ಟ ಹಳೆಯ ರೈಲು ದಾರಿ. ಇಂಥ ದಾರಿಗಳ ಬಗ್ಗೆ ಎರಡು ಮಾತು ಹೇಳಲೇಬೇಕು, ನಮಗೆ ಅವುಗಳ ಮೇಲೆ ಅಷ್ಟು ಪ್ರೀತಿ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಹಿಡಿತ ಕಡಿಮೆ, ಹಾಗಾಗಿ ಮಾಮೂಲಿ ರೈಲು ಮಾರ್ಗ ಕಡಿದಾಗಿ ಏರುವಂತಿಲ್ಲ. 50 ಮೀಟರಿಗೆ 1 ಮೀಟರು ಏರಿದರೇ ಅದಕ್ಕೆ ಭಾರಿ ಏರು. ಅದಕ್ಕಾಗಿ ಗುಡ್ಡವನ್ನು ಕೊರೆದು, ಹಳ್ಳಕ್ಕೆ ಸೇತುವೆ ಕಟ್ಟಿ, ಬಳಸು ದಾರಿಯಲ್ಲಿ ಸಾಗಿಸಿದರು. ನ್ಯೂಜಿಲೆಂಡಿನ ಒಟಾಗೋ ಸೆಂಟ್ರಲ್ ರೈಲ್ ಟ್ರೇಲ್ ಹಾಗೇ ಆದದ್ದು: 1990ರಲ್ಲಿ ಮುಚ್ಚಿದ ರೈಲು ದಾರಿ 2000ದಲ್ಲಿ 152 ಕಿಲೋಮೀಟರಿನ ಸೈಕಲ್ ದಾರಿಯಾಗಿ ತೆರೆಯಿತು. ನಮ್ಮದು ಅದರ ಮುಂದೆ ಒಂದು ಚೂರು. ಆದರೂ ಎರಡು ಗುಡ್ಡಗಳ ನಡುವೆ ಉಸಿರು ತಿರುಗಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಉಳಿದ ಎರಡು ತುಂಡುಗಳಿಗೆ ಬದಲಿ ಸಿಗಲಿಲ್ಲ. ಅವುಗಳ ಜೊತೆ, ಅವುಗಳಾಚೆಗಿನ ಕೆಲವು ಒಳ್ಳೆಯ ಜಲ್ಲಿ ದಾರಿಗಳನ್ನೂ ಬಿಡಬೇಕಾಯಿತು. ಅದೊಂದು ನಿಜವಾದ ನಷ್ಟ.

“80 ಮುಗಿಸಿದೆ ಅನ್ನುವುದೇ ನನಗೊಂದು ಹೆಮ್ಮೆ, 49 ಅಂದರೆ ಯಾರು ಕೇಳುತ್ತಾರೆ?” ಎಂದು ಹಳೆಯ ಸವಾರರೊಬ್ಬರು ನೇರವಾಗಿ ಕೇಳಿದರು. ಅವರ ಬೇಸರ ನಮಗೆ ಅರ್ಥವಾಗುತ್ತದೆ. ಆದರೆ ಗುಡ್ಡಗಾಡಿನ ಜಲ್ಲಿ ದಾರಿಗೆ ಕಿಲೋಮೀಟರು ಸರಿಯಾದ ಅಳತೆಯೇ ಅಲ್ಲ. ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲೇ ಇದನ್ನು ಕಂಡುಕೊಂಡಿದ್ದರು. ನಡೆಯುವವರಿಗೆ ಅವರು ಕೊಟ್ಟ ಲೆಕ್ಕ: 3 ಮೈಲಿಗೆ ಒಂದು ಗಂಟೆ, ಅದರ ಮೇಲೆ 2000 ಅಡಿ ಏರಿಗೆ ಇನ್ನೊಂದು ಗಂಟೆ. ಅಂದರೆ 100 ಮೀಟರು ಏರಿಗೆ ಸುಮಾರು 10 ನಿಮಿಷ. ಅದೇ ರೀತಿಯಲ್ಲಿ ನಾವು ಸೈಕಲಿಗೊಂದು ಲೆಕ್ಕ ಇಟ್ಟುಕೊಂಡಿದ್ದೇವೆ: 15 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 100 ಮೀಟರು ಏರಿಗೆ 10 ನಿಮಿಷ ಸೇರಿಸಿ. ಆ ಪ್ರಕಾರ ಹೊಸ ಸವಾರಿಗೆ ತುಳಿಯುವ ಸಮಯವೇ ಸುಮಾರು 4 ಗಂಟೆ 50 ನಿಮಿಷ. ವಿರಾಮ ಸೇರಿದರೆ ಆರು ಗಂಟೆಗೆ ಹತ್ತಿರ. ಇನ್ನು ಮುಂದೆ ನಮ್ಮ ಎಲ್ಲ ಪ್ರಕಟಣೆಗಳಲ್ಲಿ ಮೊದಲು ಗಂಟೆ, ಆಮೇಲೆ ಏರು, ಕೊನೆಯಲ್ಲಿ ಕಿಲೋಮೀಟರು ಬರೆಯುತ್ತೇವೆ. ಹೊಸಬರು 49 ಎಂದು ನೋಡಿ ಹಗುರವಾಗಿ ತೆಗೆದುಕೊಳ್ಳಬಾರದು ಎಂಬುದೂ ಇದರ ಹಿಂದಿನ ಕಾಳಜಿ.

ಟಾರು ಬಿಟ್ಟಿದ್ದರಿಂದ ಸೈಕಲನ್ನೂ ಬದಲಿಸಲು ಸಾಧ್ಯವಾಯಿತು. ಮೊದಲು ಪೆಡಲಿನ ಬಳಿಯ ಮುಂದಿನ ಹಲ್ಲುಚಕ್ರಕ್ಕೆ, ಅಂದರೆ ಚೈನ್‌ರಿಂಗಿಗೆ 40 ಹಲ್ಲು ಇಟ್ಟಿದ್ದೆವು, ಟಾರು ರಸ್ತೆಯಲ್ಲಿ ವೇಗ ಸಿಗಲಿ ಎಂದು. ಗುಡ್ಡದಲ್ಲಿ ಅದು ಎಷ್ಟೋ ಜನರ ಮಂಡಿಗೆ ಭಾರವಾಯಿತು. ಈಗ ಎಲ್ಲ ಸೈಕಲಿಗೂ 32 ಹಲ್ಲಿನದು ಹಾಕಿದ್ದೇವೆ, ಹಿಂದಿನ ದೊಡ್ಡ ಹಲ್ಲುಚಕ್ರ 42 ಹಾಗೇ ಇದೆ. ಕಡಿದಾದ ಏರಿನಲ್ಲಿ ಗಂಟೆಗೆ 6 ಕಿಲೋಮೀಟರು ವೇಗದಲ್ಲಿ ಹೋಗುತ್ತಿದ್ದೀರಿ ಅನ್ನಿ. ಹಳೆಯ ಗೇರಿನಲ್ಲಿ ಪೆಡಲು ನಿಮಿಷಕ್ಕೆ ಸುಮಾರು 47 ಸುತ್ತು ತಿರುಗುತ್ತಿತ್ತು, ಹೊಸದರಲ್ಲಿ ಸುಮಾರು 59. ಸೈಕಲು ಹೋಗುವುದು ಅದೇ ವೇಗದಲ್ಲಿ, ಕಾಲಿಗೆ ಮಾತ್ರ ಪ್ರತಿ ತುಳಿತವೂ ಹಗುರ. ಜಲ್ಲಿಯಲ್ಲಿ ಇದರಿಂದ ಇನ್ನೂ ಒಂದು ಲಾಭ ಇದೆ. ಗೇರು ಭಾರವಾದಾಗ ಸೀಟಿನಿಂದ ಎದ್ದು ತುಳಿಯುತ್ತೇವೆ, ಎದ್ದ ಕೂಡಲೇ ಹಿಂಚಕ್ರದ ಮೇಲಿನ ಭಾರ ಕಡಿಮೆಯಾಗಿ ಚಕ್ರ ಸಡಿಲ ಕಲ್ಲಿನ ಮೇಲೆ ಸುಮ್ಮನೆ ತಿರುಗುತ್ತದೆ. ಕೂತೇ ತುಳಿಯಲು ಸಾಧ್ಯವಾದರೆ ಹಿಡಿತ ತಪ್ಪುವುದಿಲ್ಲ. ಸಮತಟ್ಟಿನಲ್ಲಿ ಗಂಟೆಗೆ 35 ಕಿಲೋಮೀಟರು ದಾಟಿದ ಮೇಲೆ ಈ ಗೇರಿನಲ್ಲಿ ತುಳಿದು ಉಪಯೋಗವಿಲ್ಲ, ನಿಜ. ನಮ್ಮ ದಾರಿಯಲ್ಲಿ ಆ ವೇಗ ಬೇಕಾಗುವ ಜಾಗ ಒಂದೂ ಇಲ್ಲ.

ಟೈರಿನ ಗಾಳಿಯದೂ ಇದೇ ಕಥೆ. ಟಾರಿಗೂ ಆಗಲಿ, ಜಲ್ಲಿಗೂ ಆಗಲಿ ಎಂದು 45 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬುತ್ತಿದ್ದೆವು. ಹಾಗೆ ಮಾಡಿ ಎರಡಕ್ಕೂ ನ್ಯಾಯ ಸಲ್ಲಲಿಲ್ಲ. ಗಾಳಿ ಹೆಚ್ಚಾದ ಟೈರು ಪ್ರತಿ ಕಲ್ಲಿಗೂ ಪುಟಿಯುತ್ತದೆ. ಪುಟಿದಾಗ ನೀವೂ ಸೈಕಲೂ ಸೇರಿ ಮೇಲೆದ್ದು ಬೀಳುತ್ತೀರಿ, ತುಳಿದ ಶಕ್ತಿ ಅಲ್ಲೇ ಸೋರಿಹೋಗುತ್ತದೆ, ಅಂಗೈ ಮರಗಟ್ಟುತ್ತದೆ. ಗಾಳಿ ಕಡಿಮೆ ಇರುವ ಅಗಲ ಟೈರು ಕಲ್ಲಿನ ಮೇಲೆ ತಾನೇ ಬಾಗಿ ಮುಂದೆ ಸಾಗುತ್ತದೆ. ಈಗ ಎಲ್ಲ ಸೈಕಲಿಗೂ 45 ಮಿಲಿಮೀಟರು ಅಗಲದ ಟ್ಯೂಬ್‌ಲೆಸ್ ಟೈರು, ಒಳಗೆ ತೂತು ಮುಚ್ಚುವ ಸೀಲೆಂಟು ದ್ರವ. 70 ಕಿಲೋ ತೂಕದವರಿಗೆ ಮುಂದೆ 28, ಹಿಂದೆ 31 ಪಿಎಸ್‌ಐಯಿಂದ ಶುರುಮಾಡಿ, ಹೊರಡುವ ಮುಂಚೆ ಒಬ್ಬೊಬ್ಬರ ತೂಕ ನೋಡಿ ಹೊಂದಿಸುತ್ತೇವೆ. ದಯವಿಟ್ಟು ನಿಜವಾದ ತೂಕ ಹೇಳಿ, ನಾವು ಯಾರಿಗೂ ಹೇಳುವುದಿಲ್ಲ.

ವಾಹನ ಬಾರದ ಜಲ್ಲಿ ದಾರಿಯ ಇನ್ನೊಂದು ಸುಖವನ್ನು ಹಲವರು ಗಮನಿಸಿರಲಿಕ್ಕಿಲ್ಲ. ಕಾರು, ಜೀಪು ಓಡುವ ಮಣ್ಣು ರಸ್ತೆಯಲ್ಲಿ ತಗಡಿನ ಹಾಳೆಯಂತೆ ಅಡ್ಡ ಅಡ್ಡ ಅಲೆ ಎದ್ದಿರುತ್ತದಲ್ಲ, ಹಲ್ಲು ಕಟಕಟಿಸುವಂಥದ್ದು? ಒಂದು ಮಿತಿಗಿಂತ ಜೋರಾಗಿ ಉರುಳುವ ಚಕ್ರಗಳು ಮತ್ತೆ ಮತ್ತೆ ಹಾದುಹೋದಾಗ ಆ ಅಲೆಗಳು ಹುಟ್ಟುತ್ತವೆ. ವಾಹನ ಇಲ್ಲದ ಕಡೆ ಅವು ಏಳುವುದಿಲ್ಲ. ಮೇಲಿನ ದಾರಿಗಳು ಕಲ್ಲುಕಲ್ಲಾಗಿದ್ದರೂ ಮೈಗೆ ಹಿತ ಎನಿಸುವುದು ಇದರಿಂದಲೂ ಹೌದು. ಇಂಥ ದಾರಿಗಳನ್ನು ಹುಡುಕಿ ಹೊರಟವರಲ್ಲಿ ನಾವು ಮೊದಲಿಗರಲ್ಲ. ಬ್ರಿಟನ್ನಿನಲ್ಲಿ 1955ರಲ್ಲೇ ರಫ್ ಸ್ಟಫ್ ಫೆಲೋಶಿಪ್ ಎಂಬ ಬಳಗ ಕಟ್ಟಿಕೊಂಡು ಸೈಕಲಿಗರು ರಸ್ತೆ ಬಿಟ್ಟು ಬೆಟ್ಟದ ಕಾಲುದಾರಿ ಹಿಡಿದಿದ್ದರು. ಆಗ ಗ್ರಾವೆಲ್ ಸೈಕಲ್ ಎಂಬ ಹೆಸರೇ ಇರಲಿಲ್ಲ, ಮಾಮೂಲಿ ಸೈಕಲಿನಲ್ಲೇ ಹೋದರು, ಆಗದ ಕಡೆ ಹೊತ್ತುಕೊಂಡರು.

ರಸ್ತೆ ದಾಟುವ ಜಾಗ ಬಿಟ್ಟರೆ, ನಮ್ಮಲ್ಲೂ ಒಂದು ಕಡೆ ಇಳಿದು ತಳ್ಳಬೇಕು. ಮೂರನೇ ಗುಡ್ಡದ ತುದಿಯ 300 ಮೀಟರು ಬಹಳ ಕಡಿದು, ಕಲ್ಲೂ ಸಡಿಲ. ಅಲ್ಲಿ ತುಳಿಯಲೇಬೇಕೆಂಬ ಹಟ ಬೇಡ. ಸವಾರಿ ನಡೆಸುವ ನಾವೂ ಅಲ್ಲಿ ತಳ್ಳಿಕೊಂಡೇ ಹೋಗುತ್ತೇವೆ. ಅದರಾಚೆಯ ಇಳಿಜಾರಿನಲ್ಲಿ ಬ್ರೇಕನ್ನು ತಿರುವಿಗೆ ಮುಂಚೆಯೇ ಹಿಡಿಯಿರಿ, ತಿರುವಿನೊಳಗೆ ಮುಂದಿನ ಬ್ರೇಕು ಒತ್ತಿದರೆ ಮುಂಚಕ್ರ ಜಾರುತ್ತದೆ. ಕಣ್ಣು ಚಕ್ರದ ಮುಂದಿನ ಕಲ್ಲಿನ ಮೇಲಲ್ಲ, ದೂರದ ದಾರಿಯ ಮೇಲಿರಲಿ. ಭಾರ ಕಾಲ ಮೇಲಿರಲಿ, ಹ್ಯಾಂಡಲ್ ಹಿಡಿದ ಕೈ ಸಡಿಲವಾಗಿರಲಿ.

ಈ ದಾರಿಗಳು ನಮ್ಮ ಸ್ವಂತದ್ದಲ್ಲ. ನಡೆಯುವವರು, ಕುದುರೆಯವರು, ದನ ಹೊಡೆದುಕೊಂಡು ಹೋಗುವವರು ಮೊದಲಿನಿಂದ ಬಳಸುತ್ತಿರುವ ದಾರಿಗಳು. ಅವರು ಎದುರಾದರೆ ನಿಲ್ಲುವವರು ನಾವು. ಪ್ರತಿ ಸೈಕಲಿಗೂ ಗಂಟೆ ಕಟ್ಟಿದ್ದೇವೆ. ದೂರದಿಂದಲೇ ಒಮ್ಮೆ ಬಾರಿಸಿ, ವೇಗ ಇಳಿಸಿ, ಮಾತಾಡಿಸಿ ದಾಟಿ. ಕುದುರೆಯನ್ನಂತೂ ಹಿಂದಿನಿಂದ ಸದ್ದಿಲ್ಲದೆ ದಾಟಬೇಡಿ. ಜೋರು ಮಳೆಯಾದ ಮೇಲೆ ದಾರಿ ಒಣಗುವ ತನಕ ಸವಾರಿ ಮುಂದಕ್ಕೆ ಹಾಕುತ್ತೇವೆ. ಒದ್ದೆ ನೆಲದಲ್ಲಿ ಬಿದ್ದ ಚಕ್ರದ ಗೆರೆಯೇ ಮುಂದಿನ ಮಳೆಗೆ ಕಾಲುವೆಯಾಗುತ್ತದೆ, ನೀರು ಅದರಲ್ಲೇ ಹರಿದು ದಾರಿಯನ್ನು ಕೊರೆಯುತ್ತದೆ. ಹಿಂದೊಮ್ಮೆ, ಎಲ್ಲರೂ ಬಂದುಬಿಟ್ಟಿದ್ದಾರೆ ಎಂಬ ಒಂದೇ ಕಾರಣಕ್ಕೆ ನಾವು ಕೆಸರಿನಲ್ಲೇ ಹೊರಟಿದ್ದೆವು. ಅವತ್ತು ಮಾಡಿದ ಗಾಯವನ್ನು ಗುದ್ದಲಿ ಹಿಡಿದು ಮುಚ್ಚಲು ನಾಲ್ಕು ಭಾನುವಾರ ಬೇಕಾಯಿತು. ಇನ್ನು ಹಾಗೆ ಮಾಡುವುದಿಲ್ಲ.

80 ಕಿಲೋಮೀಟರಿನ ಸವಾರಿಗೆ ಈಗಾಗಲೇ ಹೆಸರು ಕೊಟ್ಟವರ ಜಾಗ ಹೊಸ ಸವಾರಿಗೆ ಅದೇ ದಿನಕ್ಕೆ ಹಾಗೇ ಇರುತ್ತದೆ. ಬೇಡ ಅನ್ನಿಸಿದರೆ ತಿಳಿಸಿ, ಕಟ್ಟಿದ ಹಣವನ್ನು ಪೂರ್ತಿ ವಾಪಸ್ ಕೊಡುತ್ತೇವೆ. ಗುಂಪಿನಲ್ಲಿ ಇನ್ನು 8 ಜನಕ್ಕಿಂತ ಹೆಚ್ಚು ಇರುವುದಿಲ್ಲ. ಹೊರಡುವ ಜಾಗವೂ ಬದಲಾಗಿದೆ: ರಸ್ತೆ ಬದಿಯ ಹಳೆಯ ಜಾಗ ಬಿಟ್ಟು, ರೈಲು ದಾರಿ ಶುರುವಾಗುವ ಕಡೆಯಿಂದ ಹೊರಡುತ್ತೇವೆ. ಅಲ್ಲಿಗೆ ಬರುವ ವಿವರವನ್ನು ಪ್ರತಿಯೊಬ್ಬರಿಗೂ ಬೇರೆಯಾಗಿ ಕಳಿಸುತ್ತೇವೆ.

ಕಳೆದ ವಾರ ನಾವು ನಾಲ್ವರು ಹೊಸ ದಾರಿಯನ್ನು ಪೂರ್ತಿ ತುಳಿದು ಬಂದೆವು. ಎರಡನೇ ಗುಡ್ಡದ ನೆತ್ತಿಯಲ್ಲಿ ನಿಂತಾಗ, ಕೆಳಗಿನ ರಸ್ತೆಯ ಸದ್ದು ಅಷ್ಟು ಮೇಲಕ್ಕೆ ಬರುತ್ತಿರಲಿಲ್ಲ. ಏರಿ ಬಂದ ನಮ್ಮ ಉಸಿರಿನ ಸದ್ದೊಂದು ಕೇಳಿಸುತ್ತಿತ್ತು. ಆ ಜಾಗದಲ್ಲಿ ಇಪ್ಪತ್ತು ನಿಮಿಷದ ವಿರಾಮ ಇಟ್ಟಿದ್ದೇವೆ.

ಇಂತಿ,
ನಿಮ್ಮ ಸಹಕಾರ ಸಂಘದ ಎಲ್ಲ ಸದಸ್ಯರು