ಮನೆಯನ್ನು ಕಂಪನಿಗೆ ಬರೆದುಕೊಡುವ ಮುನ್ನ

ಮಂಡ್ಯ

ಪ್ರೀತಿಯ ಅಳಿಯನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಮೈಸೂರಿನ ಸರಸ್ವತೀಪುರಂ ಮನೆಯನ್ನು ಪ್ರೈವೇಟ್ ಲಿಮಿಟೆಡ್ ಕಂಪನಿಯ ಹೆಸರಿಗೆ ಮಾಡುತ್ತೇನೆಂದು ನೀನು ಹೇಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಖಾತೆಯಲ್ಲಿರುವುದು ನನ್ನ ಅಕ್ಕ ಅಂದರೆ ನಿನ್ನ ಅಮ್ಮ, ನೀನು, ನಿನ್ನ ತಂಗಿ, ಮೂವರ ಹೆಸರು. ನೀನು ಮಾತನಾಡಿದ್ದು ತೆರಿಗೆಯನ್ನು ಕುರಿತು ಮಾತ್ರ. ಮೊದಲು ಅದನ್ನೇ ನೋಡೋಣ.

ಬಾಡಿಗೆ ತಿಂಗಳಿಗೆ 60,000, ವರ್ಷಕ್ಕೆ 7,20,000 ರೂಪಾಯಿ. ತಲಾ 2,40,000. ಕಾನೂನೇ ಬಿಡುವ 30% ಕಳೆದರೆ ಒಬ್ಬೊಬ್ಬರಿಗೆ 1,68,000. ಅಕ್ಕನಿಗೂ ತಂಗಿಗೂ ಬೇರೆ ಆದಾಯವಿಲ್ಲ, ತೆರಿಗೆ ಬೀಳುವುದಿಲ್ಲ. ನೀನೊಬ್ಬ 30% ತೆರಿಗೆಯ ಹಂತದಲ್ಲಿ ಸೆಸ್ ಸೇರಿ ಸುಮಾರು 52,000 ಕಟ್ಟುತ್ತೀಯೆ. ಕಂಪನಿಯಾದರೆ, ಅದೇ 30% ಕಳೆಯಲು ಬಿಟ್ಟರೂ, ಉಳಿಯುವ 5,04,000ಕ್ಕೆ ಮೊದಲ ರೂಪಾಯಿಯಿಂದಲೇ 25.168% ತೆರಿಗೆ, ಅಂದರೆ 1,26,000ಕ್ಕೂ ಹೆಚ್ಚು. ಉಳಿದದ್ದು ಡಿವಿಡೆಂಡ್ ಆಗಿ, ಅಂದರೆ ಷೇರುದಾರನ ಲಾಭದ ಪಾಲಾಗಿ, ನಿನ್ನ ಕೈಗೆ ಬಂದಾಗ ನೀನು ಮತ್ತೆ ಕಟ್ಟಬೇಕು. ಜೊತೆಗೆ ಪ್ರತಿವರ್ಷ ಆಡಿಟ್, ಕಂಪನಿಗಳ ರಿಜಿಸ್ಟ್ರಾರಿಗೆ ಫಾರಂಗಳು. ತಡವಾದರೆ ಪ್ರತಿ ಫಾರಂಗೆ ದಿನಕ್ಕೆ 100 ರೂಪಾಯಿ.

ವರ್ಗಾವಣೆಯೂ ಪುಕ್ಕಟೆಯಲ್ಲ. ನಮ್ಮದೇ ಕಂಪನಿಯಾದರೂ ಕಾನೂನಿನ ಕಣ್ಣಿಗೆ ಅದು ಬೇರೆ ವ್ಯಕ್ತಿ. ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ಬೆಲೆ ಒಂದೂವರೆ ಕೋಟಿ ಎಂದಿಟ್ಟುಕೋ. ಮುದ್ರಾಂಕ ಶುಲ್ಕ 5%, ಏಳೂವರೆ ಲಕ್ಷ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 2% ಆಗಿದೆ, ಮೂರು ಲಕ್ಷ. ಸೆಸ್, ಸರ್‌ಚಾರ್ಜ್ ಬೇರೆ. ಹಣದ ಬದಲು ಷೇರು ಪಡೆದರೂ ಬಂಡವಾಳ ಲಾಭದ ತೆರಿಗೆ ಮೂವರ ತಲೆಗೂ ಬರುತ್ತದೆ.

ಇಷ್ಟನ್ನು ನಿನ್ನ ಆಡಿಟರೂ ಹೇಳಿಯಾರು. ನನ್ನ ನಿದ್ದೆ ಕೆಡಿಸಿದ್ದು ಬೇರೆ.

ಆಸ್ತಿ ಪತ್ರಗಳ ಬರಹಗಾರನಾಗಿ ಸಾವಿರಾರು ಪತ್ರ ಬರೆದಿದ್ದೇನೆ. ಒಮ್ಮೆ ಅಣ್ಣತಮ್ಮಂದಿರು, ಒಬ್ಬಳು ತಂಗಿ ತಮ್ಮ ಜಂಟಿ ಮಳಿಗೆಗಳನ್ನು ಕಂಪನಿಗೆ ಬರೆದುಕೊಟ್ಟರು. ಆಕೆ ಹೆಬ್ಬೆಟ್ಟು ಒತ್ತಿ, ಬೆರಳಿನ ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡು ನಗುತ್ತಾ ಹೋದಳು. ಎಂಟು ವರ್ಷದ ಮೇಲೆ ಮಗಳ ಮದುವೆ ಬಂದಾಗ ಷೇರು ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ನನ್ನ ಮೇಜಿನ ಮುಂದೆ ನಿಂತಳು. “ಇದರಲ್ಲಿ ಯಾವ ಮಳಿಗೆ ನನ್ನದು, ಸ್ವಾಮಿ?” ಎಂದಳು. ಯಾವುದೂ ಅವಳದಾಗಿರಲಿಲ್ಲ. ಮಳಿಗೆ ಕಂಪನಿಯದು, ಅವಳದು ಐದರಲ್ಲೊಂದು ಷೇರು. ಡೈರೆಕ್ಟರುಗಳಾದ ಅಣ್ಣಂದಿರು ಡಿವಿಡೆಂಡ್ ಹಂಚಿರಲಿಲ್ಲ, ಆ ಷೇರನ್ನು ಕೊಳ್ಳುವ ಹೊರಗಿನವರೂ ಇರಲಿಲ್ಲ. ಹೆಬ್ಬೆಟ್ಟು ಒತ್ತುವ ಮುನ್ನ ಆ ಪತ್ರ ಓದಿ ಹೇಳುವಾಗ ಇದನ್ನು ಅವಳಿಗೆ ಬಿಡಿಸಿ ಹೇಳದೇ ಹೋದೆನಲ್ಲ ಎಂಬ ಸಂಕಟ ಇಂದಿಗೂ ಇದೆ.

ನೀನು ಅಂಥವನಲ್ಲ, ಬಲ್ಲೆ. ಆ ಅಣ್ಣಂದಿರೂ ಮೊದಲ ದಿನ ಅಂಥವರಾಗಿರಲಿಲ್ಲ. ಇಂದು ನಿನ್ನ ತಂಗಿ ಆ ಮನೆಯ ವಿಭಾಗ ಕೇಳಬಲ್ಲಳು, ತನ್ನ ಪಾಲನ್ನು ಮಾರಬಲ್ಲಳು. ನಾಳೆ ಅವಳು ನಿನ್ನ ಮುಲಾಜಿಗೆ ಕಾಯಬೇಕಾಗುತ್ತದೆ. ಅಕ್ಕನಂತೂ ನೀನು ತೋರಿಸಿದಲ್ಲಿ ಸಹಿ ಹಾಕುತ್ತಾಳೆ. ಅವಳು ಓದದೇ ಸಹಿ ಹಾಕುತ್ತಾಳೆ ಎನ್ನುವುದಕ್ಕೇ ನೀನು ಎರಡು ಪಟ್ಟು ಎಚ್ಚರವಾಗಿರಬೇಕು.

ಮನೆ ಮೂವರ ಹೆಸರಿನಲ್ಲೇ ಇರಲಿ. ಬಾಡಿಗೆ ನೇರವಾಗಿ ಮೂರು ಖಾತೆಗೆ ಬೀಳಲಿ. ಸುಣ್ಣಬಣ್ಣ, ಕಂದಾಯ, ಮೋಟರ್ ರಿಪೇರಿಗೆ ಪ್ರತಿ ತಿಂಗಳು ಇಷ್ಟೆಂದು ಜಂಟಿ ಖಾತೆಯಲ್ಲಿ ಇಡಿ. ಮುಂದೆ ಬೇಡವೆನಿಸಿದರೆ ನೋಂದಾಯಿತ ವಿಭಾಗ ಪತ್ರ ಮಾಡಿಕೊಳ್ಳಬಹುದು. ಮನೆಯವರ ನಡುವಿನ ವಿಭಾಗಕ್ಕೆ ಕ್ರಯದಷ್ಟು ಶುಲ್ಕವಿಲ್ಲ. ಕಟ್ಟಡ ಕಟ್ಟಿ ಬಾಡಿಗೆಗೆ ಕೊಡುವುದನ್ನೇ ಉದ್ಯೋಗ ಮಾಡಿಕೊಳ್ಳುವ ಆಸೆಯಿದ್ದರೆ ನಿನ್ನ ಹಣದಲ್ಲಿ ಕಂಪನಿ ತೆರೆದು ಹೊಸ ಸೈಟು ಕೊಳ್ಳು. ಆಗ ನಾನೇ ಮುಂದೆ ನಿಂತು ಪತ್ರ ಬರೆಯುತ್ತೇನೆ.

ಭಾನುವಾರ ಬೆಳಗಿನ ರೈಲಿಗೆ ಬಾ. ಇ-ಖಾತೆ, ಋಣಭಾರ ಪತ್ರ, ಆಡಿಟರು ಕೊಟ್ಟ ಕರಡು ತಂದುಕೋ. ತಂಗಿಯನ್ನೂ ಕರೆದುಕೊಂಡು ಬಾ. ಅವಳ ಮುಂದೆಯೇ ಓದೋಣ.

ನಿನ್ನ ಮಾವ